ತಿಪ್ಪಕ್ಕನ ತಿಂಗಳ ದುಡ್ಡು

ಹೇಸಿಗೆಯಾದರೆ ತಿಪ್ಪಕ್ಕ ಮಾತಾಡುತ್ತಿರಲಿಲ್ಲ, ಉಗಿಯುತ್ತಿದ್ದಳು. ಎಲೆ ಅಡಿಕೆ ಹಾಕುವವಳಲ್ಲ, ಹೊಗೆಸೊಪ್ಪಿನ ಚಟವೂ ಇರಲಿಲ್ಲ. ಬಾಯಲ್ಲಿ ಏನೂ ಇಲ್ಲದೆಯೇ ಕತ್ತನ್ನು ಎಡಕ್ಕೆ ತಿರುಗಿಸಿ "ಥೂ" ಎನ್ನುವಳು. ಗ್ರಾಮಸಭೆಯಲ್ಲಿ ಮೆಂಬರು ಎದ್ದು ನಿಂತು ಊರಿನ ಉದ್ಧಾರದ ಬಗ್ಗೆ ಶುರುಮಾಡಿದಾಗ ಒಂದು ಸಲ. ನೀರು ಬೆರೆಸಿದ ಹಾಲು ತಂದವನು ಡೇರಿಯ ಮುಂದೆ ದೇವರ ಆಣೆ ಇಟ್ಟಾಗ ಇನ್ನೊಂದು ಸಲ. ಊರಿನವರು ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ನನ್ನ ಸರದಿ ಬರುವ ತನಕ.

ನಮ್ಮೂರು ಹೊಸದುರ್ಗ ತಾಲ್ಲೂಕಿನದು. ಡೇರಿಗೆ ಅಂಟಿಕೊಂಡಂತೆ ನನ್ನದೊಂದು ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ ಇದೆ. ಜೊತೆಗೆ ಬ್ಯಾಂಕಿನ ಹೆಬ್ಬೆಟ್ಟು ಮಿಷನ್. ಖಾತೆ ಇದ್ದವರು ಅದರ ಮೇಲೆ ಬೆರಳೊತ್ತಿದರೆ ನಾನು ಅಲ್ಲಿಯೇ ನಗದು ಕೊಡುತ್ತೇನೆ. ಪೇಟೆಗೆ ಹೋಗಿ ಸಾಲಿನಲ್ಲಿ ನಿಲ್ಲುವ ಕೆಲಸವಿಲ್ಲ. ಮನೆ ಯಜಮಾನಿಯ ಹೆಸರಿಗೆ ಸರ್ಕಾರ ತಿಂಗಳಿಗೆ ಎರಡು ಸಾವಿರ ಹಾಕಲು ಶುರುಮಾಡಿದ ಮೇಲೆ ಊರಿನ ಹೆಂಗಸರೆಲ್ಲ ನನ್ನ ಅಂಗಡಿಗೆ ಬರತೊಡಗಿದರು. ತಿಪ್ಪಕ್ಕನೂ ಬಂದಳು.

ಆಗ ಅವಳಿಗೆ ಅರವತ್ತರ ಮೇಲಾಗಿತ್ತು. ಗಂಡ ಸತ್ತು ಬಹಳ ವರ್ಷವಾಗಿತ್ತು. ಉದ್ದನೆಯ ಒಣಕಲು ದೇಹ, ಗಂಡಸಿನಂಥ ದಾಪುಗಾಲು. ತೋಟದವರ ಮನೆಗಳಲ್ಲಿ ಕೊಬ್ಬರಿಯಿಂದ ಕರಟ ಬಿಡಿಸುವುದು, ಕಳೆ ಕೀಳುವುದು, ಕೊಟ್ಟಿಗೆ ಬಾಚುವುದು, ಯಾವ ಕೂಲಿ ಸಿಕ್ಕರೂ ಹೋಗುವಳು. ಮನೆಯಲ್ಲಿ ಮಗ ನಾಗರಾಜ, ಸೊಸೆ ರೇಣುಕಾ, ಶಾಲೆಗೆ ಹೋಗುವ ಮೊಮ್ಮಗಳು. ಹಿತ್ತಲಲ್ಲಿ ಹಾಲು ಕರೆಯುವ ಒಂದು ಹಸು.

ಮೊದಲ ತಿಂಗಳು ನಾನು ಕೊಟ್ಟ ನೋಟುಗಳನ್ನು ಎಣಿಸಿ ಅವಳು ಅಲ್ಲಿಂದ ಕದಲಲಿಲ್ಲ.

"ಇಪ್ಪತ್ತು ರೂಪಾಯಿ ಕಮ್ಮಿ ಐತಲ್ಲಪ್ಪ?"

"ಅದು ಮಿಷನ್ ಖರ್ಚು, ತಿಪ್ಪಕ್ಕ."

ಅವಳು ಬಗ್ಗಿ ಮಿಷನ್ನನ್ನೇ ನೋಡಿದಳು. "ಇದೇನು ಹುಲ್ಲು ತಿಂತೈತಾ?"

ಹಿಂದೆ ನಿಂತಿದ್ದ ಹೆಂಗಸರೆಲ್ಲ ಗೊಳ್ಳೆಂದರು. ನನಗೆ ಬ್ಯಾಂಕಿನಿಂದಲೇ ಕಮಿಷನ್ ಬರುತ್ತಿತ್ತು. ಆದರೂ ಒಬ್ಬೊಬ್ಬರಿಂದ ಇಪ್ಪತ್ತು ಹಿಡಿದುಕೊಳ್ಳುತ್ತಿದ್ದೆ. ಎಲ್ಲ ಕಡೆ ಹಿಡಿಯುತ್ತಾರೆ ಎಂಬುದೇ ನನ್ನ ಸಮಾಧಾನ. ತಿಪ್ಪಕ್ಕ ಜಗಳವಾಡಲಿಲ್ಲ, ಹೋಗಲೂ ಇಲ್ಲ. ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದಳು. ಕೊನೆಗೆ ಇಪ್ಪತ್ತು ಕೊಟ್ಟೆ. ಮಾರನೆಯ ದಿನದಿಂದ ಎಲ್ಲರಿಗೂ ಪೂರ್ತಿ ಕೊಡಬೇಕಾಯಿತು. ಆ ಸಿಟ್ಟು ನನ್ನೊಳಗೆ ಬಹಳ ದಿನ ಇತ್ತು.

ಕಳೆ ಕೀಳುವ ಕಾಲಕ್ಕೆ ರುದ್ರೇಗೌಡರು ಡೇರಿಯ ಜಗಲಿಯ ಮೇಲೆ ಕೂತು ಊರಿಗೆ ಕೇಳುವಂತೆ ಗೊಣಗತೊಡಗಿದರು. ಊರಿನಲ್ಲಿ ದೊಡ್ಡ ತೆಂಗಿನ ತೋಟ ಅವರದು. "ಎರಡು ಸಾವ್ರ ಕೊಟ್ಟು ಸರ್ಕಾರ ಈ ಹೆಂಗಸರ್ನ ಹಾಳ್ಮಾಡ್ತು. ಒಬ್ಳೂ ಕೂಲಿಗೆ ಬರಲ್ಲ. ಪುಕ್ಸಟ್ಟೆ ಬಂದ್ರೆ ಯಾರ್ ಮೈ ಬಗ್ಗಿಸ್ತಾರೆ?" ಸುತ್ತ ಕೂತವರು ತಲೆಯಾಡಿಸಿದರು. ನಾನೂ ಅಂಗಡಿಯೊಳಗಿಂದ ತಲೆಯಾಡಿಸಿದೆ.

ಹಾಲು ಹಾಕಲು ಬಂದಿದ್ದ ತಿಪ್ಪಕ್ಕ ಕ್ಯಾನು ಕೆಳಗಿಟ್ಟಳು. "ನಿಮ್ಮ ತ್ವಾಟದ ಮೋಟ್ರಿಗೆ ಯಾವತ್ತು ಕರೆಂಟ್ ಬಿಲ್ ಕಟ್ಟಿದ್ರಿ ಗೌಡ್ರೆ? ಹನಿ ನೀರಿನ ಪೈಪು ಯಾರಪ್ಪನ ಗಂಟಿಂದ ಬಂತು? ನಿಮ್ಗೆ ಬಂದ್ರೆ ಸಬ್ಸಿಡಿ, ನಮ್ಗೆ ಬಂದ್ರೆ ಪುಕ್ಸಟ್ಟೆಯಾ? ಕೂಲಿ ನಾಕು ವರ್ಷದಿಂದ ಇನ್ನೂರೈವತ್ತೇ ಐತೆ. ಮುನ್ನೂರೈವತ್ತು ಮಾಡ್ರಿ, ಹೊತ್ತು ಹುಟ್ಟೋಕ್ ಮುಂಚೆ ನಿಮ್ ತ್ವಾಟದ ಬದುವಿನ ಮೇಲೆ ಇರ್ತೀವಿ."

ಗೌಡರ ಮುಖ ಕಪ್ಪಿಟ್ಟಿತು. ಅವಳು ಎಡಕ್ಕೆ ತಿರುಗಿ ಉಗಿದು ಕ್ಯಾನು ಎತ್ತಿಕೊಂಡು ಹೋದಳು. ಗೌಡರು ಒಂದು ವಾರ ಕಾದು ಮುನ್ನೂರಕ್ಕೆ ಒಪ್ಪಿಕೊಂಡರು. ಹೆಂಗಸರು ಹೋದರು, ತಿಪ್ಪಕ್ಕನೂ ಹೋದಳು. ಆದರೆ ಗೌಡರ ಕೊಟ್ಟಿಗೆ ಬಾಚುವುದನ್ನು ಮಾತ್ರ ಅವಳು ಬಿಟ್ಟೇಬಿಟ್ಟಳು. ಹಬ್ಬದ ದಿನ ಹಳಸಿದ ಅನ್ನ ಕೊಟ್ಟು ತಿನ್ನುವ ತನಕ ನೋಡುತ್ತ ನಿಲ್ಲುತ್ತಿದ್ದ ಮನೆ ಅದು ಎಂದು ಆಮೇಲೆ ಒಮ್ಮೆ ಹೇಳಿದ್ದಳು.

ಆ ದುಡ್ಡು ಬಂದ ಎಂಟನೆಯ ತಿಂಗಳೋ ಒಂಬತ್ತನೆಯದೋ, ತಿಪ್ಪಕ್ಕ ಹೆತ್ತ ಮಗನನ್ನು ಮನೆಯಿಂದ ಹೊರಗೆ ಹಾಕಿದಳು. ನಾಗರಾಜ ನನ್ನ ಕ್ಲಾಸ್‌ಮೇಟು. ವಾರಕ್ಕೆ ಮೂರು ದಿನ ಗಾರೆ ಕೆಲಸಕ್ಕೆ ಹೋಗುವನು, ಉಳಿದ ದಿನ ಕುಡಿಯುವನು, ಕುಡಿದ ದಿನ ಹೆಂಡತಿಯನ್ನು ಬಡಿಯುವನು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವನು ತಂದುಹಾಕುವ ಆ ಮೂರು ದಿನದ ಕೂಲಿಗಾಗಿ ಅತ್ತೆ ಸೊಸೆ ಇಬ್ಬರೂ ಹಲ್ಲು ಕಚ್ಚಿಕೊಂಡಿದ್ದರು. ಅದಿಲ್ಲದೆಯೂ ಅಕ್ಕಿ ಬೇಳೆ ಬರುತ್ತದೆ, ಒಲೆ ಉರಿಯುತ್ತದೆ ಎಂದು ಗೊತ್ತಾದ ತಿಂಗಳು ತಿಪ್ಪಕ್ಕ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಬೀದಿಗಿಟ್ಟಳು.

"ಕೈ ಸುಮ್ಕಿರೋದು ಕಲ್ತ್ಕಂಡ್ ಬಾ. ಅಲ್ಲೀವರ್ಗೂ ಈ ಹೊಸ್ಲು ತುಳೀಬ್ಯಾಡ," ಎಂದಳಂತೆ.

ಊರು ಅವಳಿಗೆ ಏನೆಲ್ಲ ಅಂದಿತು! ದುಡ್ಡಿನ ಮದ ಅಂದರು. ಮಗನನ್ನು ಬೀದಿಗೆ ತಳ್ಳಿ ಸೊಸೆಯನ್ನು ಸಾಕುವ ಮುದುಕಿ ಅಂದರು. ರೇಣುಕಾಳ ಬೆನ್ನಿನ ಬಾಸುಂಡೆ ಕಂಡಿದ್ದ ಹೆಂಗಸರೂ ಅಂದರು. ನಾನು ನಾಗರಾಜನನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಟೀ ತರಿಸಿಕೊಟ್ಟಿದ್ದೆ.

ಅವನು ಪ್ರತಿ ತಿಂಗಳೂ ಬಂದು ಕೇಳುವನು, "ಅವ್ವುಂದು ಬಿತ್ತೇನೋ?" ಫೋನಿಲ್ಲದವರ ಖಾತೆಗೆ ನನ್ನ ನಂಬರನ್ನೇ ಕೊಟ್ಟಿದ್ದರಿಂದ ದುಡ್ಡು ಬಿದ್ದ ಮೆಸೇಜು ನನಗೇ ಬರುತ್ತಿತ್ತು. ನಾನು ಹೇಳುತ್ತಿದ್ದೆ. ಹೇಳಬಾರದೆಂದು ಗೊತ್ತಿತ್ತು. ಆದರೂ ಹೇಳುತ್ತಿದ್ದೆ. ಒಂದು ಸಲ ಎರಡು ತಿಂಗಳದು ಒಟ್ಟಿಗೆ ಬಿತ್ತು. ಅವಳಿಗಿಂತ ಮೊದಲು ಅವನಿಗೇ ತಿಳಿಸಿದೆ.

ಅವತ್ತು ಬೆಳಿಗ್ಗೆ ತಿಪ್ಪಕ್ಕ ಬೆರಳೊತ್ತಿ, ದುಡ್ಡು ಎಣಿಸಿ, ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು. ಡೇರಿಯ ಮೆಟ್ಟಿಲ ಬಳಿ ನಾಗರಾಜ ಕಾದು ನಿಂತಿದ್ದ. ಸೆರಗಿಗೇ ಕೈ ಹಾಕಿದ. ಅವಳು ಬಿಡಲಿಲ್ಲ. ಬಲಗೈ ತಿರುಚಿ ನೂಕಿದ. ಮೆಟ್ಟಿಲ ಮೇಲೆ ಬಿದ್ದವಳ ಮಣಿಕಟ್ಟು ಮುರಿದ ಸದ್ದು ನನಗೆ ಒಳಗೆ ಕೇಳಿಸಿತು. ಹಾಲು ಹಾಕಲು ಬಂದವರು ಹದಿನೈದು ಜನರಾದರೂ ಇದ್ದರು. ದುಡ್ಡಿನ ಗಂಟು ಕಿತ್ತುಕೊಂಡು ಓಡಿದವನನ್ನು ಒಬ್ಬರೂ ಹಿಡಿಯಲಿಲ್ಲ. ರುದ್ರೇಗೌಡರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಪುಕ್ಸಟ್ಟೆ ಬಂದಿದ್ದು ಹಿಂಗೇ ಹೋಗೋದು ಬಿಡು," ಎಂದರು. ಕೆಲವರು ನಕ್ಕರು. ರೇಣುಕಾ ಓಡಿ ಬಂದು ಅತ್ತೆಯನ್ನು ಎಬ್ಬಿಸಿ ಆಟೋದಲ್ಲಿ ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಮೂರನೆಯ ದಿನ ತಿಪ್ಪಕ್ಕ ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಂಗಡಿಗೆ ಬಂದಳು.

"ದುಡ್ಡು ಬಿದ್ದಿದ್ದು ಅವ್ನಿಗೆ ಹೇಳ್ದೋನು ನೀನೇ ತಾನೆ?"

ನಾನು ಮಿಷನ್ನಿನ ವೈರು ಸುತ್ತತೊಡಗಿದೆ.

"ಅವ್ನು ನಿಂಗೆ ಪಾಲು ಕೊಟ್ನಾ?"

"ಇಲ್ಲ ತಿಪ್ಪಕ್ಕ! ನಿನ್ನಾಣೆಗೂ ಒಂದ್ ರೂಪಾಯಿನೂ ಇಸ್ಕಂಡಿಲ್ಲ."

"ಹಂಗಾರೆ ಪುಕ್ಸಟ್ಟೆ ಮಾಡ್ದೆ," ಎಂದಳು. ಕತ್ತನ್ನು ಎಡಕ್ಕೆ ತಿರುಗಿಸಲಿಲ್ಲ. ನೇರ ನನ್ನ ಕಡೆಗೇ ಉಗಿದು ಹೋದಳು.

ಆಮೇಲೆ ಅವಳು ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇರಲಿಲ್ಲವಲ್ಲ, ತಿಂಗಳಿಗೊಮ್ಮೆ ಹೊಸದುರ್ಗಕ್ಕೇ ಹೋಗಿ ಬ್ಯಾಂಕಿನ ಸಾಲಿನಲ್ಲಿ ನಿಂತು ತರುತ್ತಿದ್ದಳು. ಜೊತೆಗೆ ರೇಣುಕಾ ಇರುತ್ತಿದ್ದಳು. ಮುರಿದ ಕೈ ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಕರಟ ಬಿಡಿಸುವ ಕೆಲಸಕ್ಕೆ ರೇಣುಕಾ ಹೋಗತೊಡಗಿದಳು. ನಾಗರಾಜ ಊರಿನಲ್ಲಿಯೇ ಅವರಿವರ ಜಗಲಿಯ ಮೇಲೆ ಬಿದ್ದುಕೊಂಡಿದ್ದ. ಅವನ ಮೇಲೆ ಕಂಪ್ಲೇಂಟ್ ಕೊಡಬೇಡಿರೆಂದು ದೊಡ್ಡವರೆಲ್ಲ ಸೇರಿ ಅತ್ತೆ ಸೊಸೆಗೆ ಬುದ್ಧಿ ಹೇಳಿದ್ದರು.

ಹೋದ ವರ್ಷ ಒಂದು ವಾರದ ಜ್ವರಕ್ಕೆ ತಿಪ್ಪಕ್ಕ ತೀರಿಕೊಂಡಳು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ನಾಗರಾಜ ಓಡಿ ಬಂದ. ಕಣ್ಣು ಕೆಂಪಾಗಿತ್ತು, ಬಾಯಿ ನಾರುತ್ತಿತ್ತು.

"ಅವ್ವ ಹೋದ್ಳು ಕಣೋ. ಈ ತಿಂಗ್ಳುದು ಬಿದ್ದೈತಂತೆ, ಇನ್ನೂ ಬಿಡಿಸ್ಕಂಡಿಲ್ಲ. ಮಿಷನ್ ತಗಂಡ್ ಬೇಗ ಬಾ. ಬೆರಳು ಇನ್ನೂ ಬೆಚ್ಚಗೈತೆ."

ಅವನ ಕೆನ್ನೆಗೆ ಬಾರಿಸಬೇಕಿತ್ತು. ನಾಚಿಕೆಯಾಗುವುದಿಲ್ಲವೇನೋ ಎಂದಾದರೂ ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಸತ್ತೋರ ಬೆರಳು ಮಿಷನ್ ತಗಳ್ಳಲ್ಲ ಕಣೋ," ಎಂಬ ಮಾತು. ತಗೊಳ್ಳುತ್ತಿದ್ದರೆ ಹೋಗುತ್ತಿದ್ದೆನೇನೋ ಎಂಬಂತೆ ಹೇಳಿದ್ದೆ. ಅವನು ಹೋದ ಮೇಲೆ ಅದು ನನಗೇ ಕೇಳಿಸಿತು. ಬಾಗಿಲು ಎಳೆದು, ಬಸ್‌ಸ್ಟಾಪಿನ ಹೂವಿನವಳ ಹತ್ತಿರ ಒಂದು ಹಾರ ಕಟ್ಟಿಸಿಕೊಂಡು ಅವರ ಮನೆಗೆ ಹೋದೆ.

ಹೆಣವನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ರೇಣುಕಾ ಪಕ್ಕದಲ್ಲಿ ಅಂಟಿ ಕೂತಿದ್ದಳು. ಅತ್ತೆಯ ಬಲಗೈಯನ್ನು ತನ್ನ ಸೆರಗಿನೊಳಗೆ ಎಳೆದುಕೊಂಡು ಎರಡೂ ಕೈಯಿಂದ ಭದ್ರವಾಗಿ ಹಿಡಿದಿದ್ದಳು. ಜೀವ ಹೋದಾಗಿನಿಂದ ಹಾಗೇ ಕೂತಿದ್ದಾಳೆ, ಯಾರನ್ನೂ ಆ ಕಡೆ ಬಿಡುತ್ತಿಲ್ಲ ಎಂದು ಯಾರೋ ಹೇಳಿದರು. ಗಂಡ ಎಲ್ಲಿಗೆ ಓಡಿದನೆಂದು ಅವಳಿಗೆ ಗೊತ್ತಿತ್ತು.

ನಾನು ಹೊಸ್ತಿಲು ದಾಟಿದೆ. ಅವಳು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕಪ್ಪು ಪ್ಲಾಸ್ಟಿಕ್ ಕವರನ್ನು ನೋಡಿದಳು. ಹಿಡಿದ ಕೈಯನ್ನು ಇನ್ನೂ ಒಳಕ್ಕೆ ಎಳೆದುಕೊಂಡಳು. ನಾನು ಅಲ್ಲಿಯೇ ನಿಂತು ಕವರು ಬಿಚ್ಚಿ ಹಾರ ಹೊರಗೆ ತೆಗೆದೆ. ಒಳಗೆ ಬೇರೇನೂ ಇಲ್ಲವೆಂದು ಕವರನ್ನು ಬೋರಲು ಮಾಡಿ ಕೊಡವಿ ತೋರಿಸಿದೆ.

ಹಾರ ಹಾಕಲು ಮುಂದಕ್ಕೆ ಬಗ್ಗಿದಾಗ ರೇಣುಕಾ ಹೇಳಿದಳು:

"ಅಲ್ಲೇ ಇಡ್ರಿ ಅಣ್ಣ. ನಾನ್ ಹಾಕ್ತೀನಿ."