ಅನುಭವಿಸಿಯೇ ತೀರಬೇಕು ಎಂದಿದ್ದೆ

ಚಿಕ್ಕಮಗಳೂರಿನ ಪೇಟೆಯಲ್ಲಿ ನಮ್ಮದೊಂದು ಅಂಗಡಿಯಿತ್ತು. ತೋಟಕ್ಕೆ ಬೇಕಾದ ಕತ್ತಿ, ಗುದ್ದಲಿ, ಟಾರ್ಪಾಲು, ಸ್ಪ್ರೇಯರಿನ ಬಿಡಿಭಾಗ ಇಂಥವನ್ನು ಮಾರುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ನಾನೂ ತಮ್ಮನೂ ಅದನ್ನು ನೋಡಿಕೊಳ್ಳುತ್ತಿದ್ದೆವು. ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು. ಕೊನೆಯ ಇಪ್ಪತ್ತು ದಿನ ಅವರನ್ನು ಇಟ್ಟಿದ್ದದ್ದು ಊರಂಚಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಸಂಜೆ ಹೊತ್ತು ನಾನು ಅವರ ಮಂಚದ ಪಕ್ಕ ಕೂತು ವಚನ ಹಾಡುತ್ತಿದ್ದೆ. ನನ್ನ ಕಂಠ ಚೆನ್ನಾಗಿದೆ ಎಂದು ಜನ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಅಪ್ಪನ ಕಾರ್ಯವೆಲ್ಲ ಮುಗಿದ ಮೇಲೆ ಆ ವಾರ್ಡಿನ ಸಿಸ್ಟರ್ ಒಂದು ದಿನ ಅಂಗಡಿಗೆ ಬಂದರು. ಕೇರಳದ ಕಡೆಯವರು, ನಲವತ್ತು ದಾಟಿದ ಹೆಂಗಸು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರಿಂದ ಅವರ ಮಾತು ನಮ್ಮ ತೋಟದ ಕಡೆಯವರ ಮಾತಿನ ಹಾಗೇ ಕೇಳುತ್ತಿತ್ತು.

"ನಮ್ಮವರಿಗೆ ಫಾದರ್ ಬರ್ತಾರೆ. ಸಾಬ್ರಿಗೆ ಶುಕ್ರವಾರ ಮಸೀದಿಯಿಂದ ಒಬ್ರು ಬಂದು ಹೋಗ್ತಾರೆ. ನಿಮ್ಮವರೇ ಜಾಸ್ತಿ ಇರೋದು, ಅವರ ಹತ್ರ ಕೂರೋಕೆ ಯಾರೂ ಇಲ್ಲ. ನೀವು ವಾರಕ್ಕೆ ಎರಡು ದಿನ ಬರ್ತೀರಾ?" ಎಂದು ಕೇಳಿದರು.

ನಾನು ಹಿಗ್ಗಿಹೋದೆ. ಹತ್ತಿರ ಕೂರುವವರು ಬೇಕು ಎಂದಷ್ಟೇ ಅವರು ಕೇಳಿದ್ದರು. ನನಗೆ ಕೇಳಿಸಿದ್ದು, ಉಪದೇಶ ಮಾಡುವವರು ಬೇಕು ಎಂದು.

ಹೀಗೆ ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋಗತೊಡಗಿದೆ. ಬಿಳಿ ಜುಬ್ಬ ಹಾಕಿಕೊಳ್ಳುತ್ತಿದ್ದೆ. ಅಂಗಡಿಗೆ ಹೋಗುವಾಗ ಒಂದಿಷ್ಟು ತೇಲಿಸಿ ಹಚ್ಚುತ್ತಿದ್ದ ವಿಭೂತಿಯನ್ನು ಆ ಎರಡು ದಿನ ದಟ್ಟವಾಗಿ ಮೂರು ಗೆರೆ ಎಳೆದುಕೊಳ್ಳುತ್ತಿದ್ದೆ. ರೋಗಿಗಳು ನನ್ನನ್ನು 'ಅಯ್ಯನೋರು' ಎಂದು ಕರೆಯತೊಡಗಿದರು. ನಾನು ಜಂಗಮನಲ್ಲ, ಅಂಗಡಿಯವನು. ಅದನ್ನು ಒಂದು ಸಲವೂ ತಿದ್ದಲಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಕಳಸದ ಕಡೆಯ ಎಸ್ಟೇಟೊಂದರ ರೈಟರ್ ಅಲ್ಲಿಗೆ ಬಂದು ಸೇರಿದರು. ಐವತ್ತೈದರ ಆಸುಪಾಸು. ತೋಟದ ಆಳುಗಳ ಹಾಜರಿ, ಕೆಲಸದ ಹಂಚಿಕೆ ಎಲ್ಲವನ್ನೂ ಮೂವತ್ತು ವರ್ಷ ನೋಡಿಕೊಂಡಿದ್ದ ಮನುಷ್ಯ. ಗಂಟಲ ಕ್ಯಾನ್ಸರ್. ಗಡ್ಡೆ ಸುಡಲೆಂದು ಮಂಗಳೂರಿನಲ್ಲಿ ಕರೆಂಟು ಕೊಡಿಸಿದ್ದೂ ಆಗಿ, ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿದೆ ಎಂದು ಹೇಳಿ ಕಳಿಸಿದ್ದರು. ಉಸಿರಿಗೆಂದು ಕತ್ತಿನಲ್ಲಿ ತೂತು ಮಾಡಿ ನಳಿಕೆ ಇಟ್ಟಿದ್ದರಿಂದ ಅವರಿಗೆ ಮಾತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಒಂದು ಉದ್ದನೆಯ ನೋಟ್ ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ಅಕ್ಷರ ಬಹಳ ದುಂಡಗಿತ್ತು. ಅವರ ಹೆಂಡತಿ ಹಗಲೂ ರಾತ್ರಿ ಪಕ್ಕದಲ್ಲೇ ಇರುತ್ತಿದ್ದರು, ಗೌಡರ ಮನೆಯ ಮಿತಮಾತಿನ ಹೆಂಗಸು.

ಮಾತಾಡಲಾಗದ ರೋಗಿ ನನ್ನಂಥವನಿಗೆ ಎಷ್ಟು ಅನುಕೂಲ ಎಂಬುದು ಈಗ ಹೊಳೆಯುತ್ತದೆ.

ಮೊದಲ ದಿನ ನಾನು ಹೋಗಿ ಕೂತ ಕೂಡಲೇ ಅವರು ಬರೆದು ತೋರಿಸಿದರು: 'ಕಳಸದ ಕಡೆ ಹೂಮಳೆ ಆಯ್ತಂತಾ?' ಮಾರ್ಚಿನ ಆ ಒಂದು ಮಳೆ ಬಿದ್ದರೆ ಕಾಫಿ ಹೂವಾಗುತ್ತದೆ, ಬೀಳದಿದ್ದರೆ ಇಡೀ ವರ್ಷದ ಕಥೆ ಬೇರೆ. ನಮ್ಮ ಅಂಗಡಿಗೆ ಬರುವವರೆಲ್ಲ ಅದೇ ಮಾತಾಡುತ್ತಿದ್ದ ದಿನಗಳು. ಕಳಸ, ಬಾಳೆಹೊನ್ನೂರು, ಮೂಡಿಗೆರೆ, ಎಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ ಮಳೆ ಬಿತ್ತು ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಹೇಳಬಹುದಿತ್ತು. ಅದನ್ನು ಬಿಟ್ಟು ನಾನು, "ಆ ಚಿಂತೆಯನ್ನೆಲ್ಲ ಇನ್ನು ಬಿಟ್ಟುಬಿಡಿ ರೈಟರೇ. ಮನಸ್ಸನ್ನ ಒಳಗೆ ತಿರುಗಿಸಿ" ಎಂದೆ. ಅವರು ನೋಟ್ ಬುಕ್ಕು ಮುಚ್ಚಿ ದಿಂಬಿನ ಪಕ್ಕ ಇಟ್ಟರು. ನಾನು ಅರ್ಧ ಗಂಟೆ ಮಾತಾಡಿ, ಒಂದು ವಚನ ಹಾಡಿ ಎದ್ದು ಬಂದೆ.

ಮುಂದಿನ ಎರಡು ಮೂರು ಸಲವೂ ಹೀಗೇ. ನಾನು ಹೇಳುವುದು, ಅವರು ಕೇಳುವುದು. ಒಂದು ಮಂಗಳವಾರ ನೋವು ಜಾಸ್ತಿಯಿತ್ತು ಅಂತ ಕಾಣುತ್ತದೆ, ಮುಖ ಬೆವತಿತ್ತು. ನೋಟ್ ಬುಕ್ಕು ತೆಗೆದು ಬರೆದರು: 'ನಾನು ಕುಡಿದವನಲ್ಲ. ಬೀಡಿ ಸೇದಿದವನಲ್ಲ. ನನಗೇ ಯಾಕೆ ಬಂತು?'

ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅಕ್ಕಪಕ್ಕದ ಮಂಚದವರು ನನ್ನ ಕಡೆ ನೋಡುತ್ತಿದ್ದರು. ಅಯ್ಯನೋರು ಏನು ಹೇಳುತ್ತಾರೆ ಎಂದು ಕಾಯುತ್ತಿದ್ದರು. ಅವರ ಹೆಂಡತಿಯೂ ಕಿತ್ತಳೆ ಬಿಡಿಸುತ್ತಿದ್ದ ಕೈ ನಿಲ್ಲಿಸಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಎಲ್ಲ ಕರ್ಮದ ಫಲ ರೈಟರೇ. ಈ ಜನ್ಮದ್ದೋ ಹಿಂದಿನದ್ದೋ, ಎಲ್ಲೋ ಏನೋ ಆಗಿರುತ್ತೆ. ಅದನ್ನ ಅನುಭವಿಸಿಯೇ ತೀರಬೇಕು. ನೋವು ಬಂದಾಗ ತಪ್ಪಿಸಿಕೊಳ್ಳಬಾರದು, ಅದು ನಮ್ಮನ್ನ ತೊಳೆಯುತ್ತೆ" ಎಂದೆ.

ನಮ್ಮ ಮನೆಯ ಹಿರಿಯರು ನಂಬಿದ್ದ ಮಾತೂ ಅದಲ್ಲ. ನಾನು ಹಾಡುತ್ತಿದ್ದ ವಚನಗಳಲ್ಲೇ ಅದಕ್ಕೆ ವಿರುದ್ಧವಾದ ಮಾತು ಬೇಕಾದಷ್ಟಿತ್ತು. ಎಲ್ಲೋ ಭಾಷಣದಲ್ಲಿ ಕೇಳಿದ್ದನ್ನು ಬಾಯಿಗೆ ಬಂದ ಹಾಗೆ ಹೇಳಿಬಿಟ್ಟಿದ್ದೆ. ಪಕ್ಕದ ಮಂಚದ ಮುದುಕರು 'ಹೌದು ಹೌದು' ಎಂದು ತಲೆಯಾಡಿಸಿದರು. ಚೆನ್ನಾಗಿ ಹೇಳಿದೆ ಎನ್ನಿಸಿತು.

ಆಮೇಲೆ ಹತ್ತು ದಿನ ನಾನು ಹೋಗಲಿಲ್ಲ. ಕಡೂರಿನಲ್ಲಿ ಹೆಂಡತಿಯ ತಂಗಿಯ ಮಗಳ ಮದುವೆಯಿತ್ತು. ಅಲ್ಲಿ ಓಡಾಡಿಕೊಂಡು, ಹೋಳಿಗೆ ಊಟ ಮಾಡಿಕೊಂಡು, ಬೀಗರ ಜೊತೆ ಹರಟಿಕೊಂಡು ಇದ್ದೆ.

ವಾಪಸು ಬಂದ ಶುಕ್ರವಾರ ಆಸ್ಪತ್ರೆಗೆ ಹೋದಾಗ ಸಿಸ್ಟರ್ ವರಾಂಡದಲ್ಲೇ ಎದುರಾದರು. ಅವರ ಹಿಂದೆ ರೈಟರ ಹೆಂಡತಿ ಫ್ಲಾಸ್ಕ್ ಹಿಡಿದು ನಿಂತಿದ್ದರು. ವಾರ್ಡಿನ ಒಳಗಿಂದ ಒಂದು ಸದ್ದು ಬರುತ್ತಿತ್ತು. ಮಾತಿಲ್ಲದ ಮನುಷ್ಯ ನರಳಿದರೆ ಹೇಗಿರುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಗಾಳಿ ಜೋರಾಗಿ ಸೀಳಿಕೊಂಡು ಹೋದ ಹಾಗೆ, ಮತ್ತೆ ಮತ್ತೆ.

"ನಾಲ್ಕು ದಿನ ಆಯ್ತು, ನೋವಿನ ಇಂಜೆಕ್ಷನ್ ಬೇಡ ಅಂತ ಕೈ ತಳ್ಳಿಬಿಡ್ತಾರೆ" ಎಂದರು ಸಿಸ್ಟರ್. "ಡಾಕ್ಟ್ರು ಹೇಳಿ ಆಯ್ತು, ನಾನು ಹೇಳಿ ಆಯ್ತು. ಅನುಭವಿಸಿಯೇ ತೀರಬೇಕು ಅಂತ ಬರೆದು ತೋರಿಸ್ತಾರೆ. ಇದು ಅವರಿಗೆ ಯಾರು ಹೇಳಿದ್ದೋ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

"ಇಲ್ಲ ಸಿಸ್ಟರ್" ಎಂದೆ.

ಹೇಳುವಾಗ ನಾನು ರೈಟರ ಹೆಂಡತಿಯ ಕಡೆ ನೋಡಿದೆ. ಅವರೂ ನನ್ನನ್ನು ನೋಡಿದರು. ಆ ಮಂಗಳವಾರ ಅವರು ಮಂಚದ ಪಕ್ಕದಲ್ಲೇ ಇದ್ದರು, ಪ್ರತಿ ಮಾತನ್ನೂ ಕೇಳಿದ್ದರು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ಕಣ್ಣು ಕೆಳಗೆ ಮಾಡಿ, ಫ್ಲಾಸ್ಕಿನ ಮುಚ್ಚಳವನ್ನು ಇನ್ನೊಂದು ಸಲ ತಿರುಗಿಸಿ ಬಿಗಿ ಮಾಡಿದರು, ಅಷ್ಟೆ. ನನ್ನ ಮಾನ ಉಳಿಸಿದರು. ಗಂಡ ಒಳಗೆ ಆ ಪಾಡು ಪಡುತ್ತಿರುವಾಗ.

"ನೀವು ಹೇಳಿದ್ರೆ ಕೇಳ್ತಾರೆ. ಸ್ವಲ್ಪ ಹೇಳಿ ನೋಡಿ" ಎಂದರು ಸಿಸ್ಟರ್.

ಒಳಗೆ ಹೋದೆ. ರೈಟರು ಮಂಚದ ಸರಳು ಹಿಡಿದು ಒಂದು ಮಗ್ಗುಲಾಗಿ ಮಲಗಿದ್ದರು. ನನ್ನನ್ನು ಕಂಡವರೇ ಕಾಯುತ್ತಿದ್ದವರ ಹಾಗೆ ನೋಟ್ ಬುಕ್ಕು ತೆಗೆದು ಒಂದು ಪುಟ ಬಿಡಿಸಿ ಕೊಟ್ಟರು. ಆ ದುಂಡು ಅಕ್ಷರ ಅಲ್ಲಲ್ಲಿ ನಡುಗಿತ್ತು. ತಮ್ಮ ಜೀವನದಲ್ಲಿ ಮಾಡಿದ ತಪ್ಪುಗಳನ್ನೆಲ್ಲ ಬರೆದಿದ್ದರು. ಪ್ರಾಯದಲ್ಲಿ ಶಿಕಾರಿಗೆ ಹೋದಾಗ ಮರಿ ಅಪ್ಪಿಕೊಂಡಿದ್ದ ಮುಸುವಕ್ಕೆ ಗುಂಡು ಹೊಡೆದದ್ದು. ತಾಯಿ ಸತ್ತ ದಿನ ಬಾಳೆಹೊನ್ನೂರಿನಲ್ಲಿ ಇಸ್ಪೀಟಿಗೆ ಕೂತಿದ್ದದ್ದು. ಸೌದೆ ಕದ್ದಳೆಂದು ಒಬ್ಬ ಆಳು ಹೆಂಗಸನ್ನು ಜಡಿಮಳೆಯಲ್ಲಿ ಆಳುಗಳ ಲೈನ್ ಮನೆಯಿಂದ ಹೊರಗೆ ಹಾಕಿದ್ದು, ಅವಳ ಮಗುವಿಗೆ ಜ್ವರವಿತ್ತು ಎಂದು ಆಮೇಲೆ ಗೊತ್ತಾದದ್ದು. ಗದ್ದೆಗೆ ಹೋಗುವ ದಾರಿಯ ಜಗಳದಲ್ಲಿ ಸ್ವಂತ ತಮ್ಮನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟದ್ದು. ಇನ್ನೂ ಇದ್ದವು. ಕೊನೆಯಲ್ಲಿ ಒಂದು ಗೆರೆ ಎಳೆದು ಕೆಳಗೆ ಬರೆದಿದ್ದರು: 'ಇದ್ರಲ್ಲಿ ಯಾವುದು?'

ಹತ್ತು ದಿನ ಆ ಮನುಷ್ಯ ಮಲಗಿದಲ್ಲೇ ತನ್ನ ಬದುಕನ್ನೆಲ್ಲ ಕೆದಕಿ ನೋಡಿದ್ದರು. ನಾನು ಎಲ್ಲೋ ಏನೋ ಆಗಿರುತ್ತೆ ಎಂದಿದ್ದೆನಲ್ಲ, ಅದನ್ನು ಹುಡುಕಿದ್ದರು. ಅಂಥ ಪಟ್ಟಿಯನ್ನು ನಾನು ಬರೆಯಲು ಕೂತಿದ್ದರೆ ಅದಕ್ಕಿಂತ ಉದ್ದವಾಗುತ್ತಿತ್ತು. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ.

ತಪ್ಪು ಹೇಳಿದೆ ಎಂದು ಆಗಲೇ ಹೇಳಬೇಕಿತ್ತು. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಹೇಳಿದರೆ ಅವರಿಗೂ ಕೇಳುತ್ತದೆ. "ದೇವರು ಎಲ್ಲವನ್ನೂ ಕ್ಷಮಿಸ್ತಾನೆ ರೈಟರೇ. ಇಂಜೆಕ್ಷನ್ ತಗೊಳ್ಳಿ" ಎಂದೆ.

ಅವರು ನೋಟ್ ಬುಕ್ಕು ಇಸಿದುಕೊಂಡು ಬರೆದರು: 'ಕ್ಷಮಿಸಿದ್ರೆ ನೋವು ಯಾಕೆ ಹೋಗ್ಲಿಲ್ಲ?'

ಅಂಗಡಿಯಲ್ಲಿ ಕೆಲಸವಿದೆ ಎಂದು ಹೇಳಿ ಎದ್ದುಬಿಟ್ಟೆ. ನಾಲ್ಕು ದಿನದ ಮೇಲೆ ಐದನೆಯ ದಿನದ ನೋವು ಸೇರಿದ್ದು ಹೀಗೆ. ಮೊದಲ ನಾಲ್ಕು ದಿನ ನಾನು ಊರಲ್ಲಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು. ಐದನೆಯದಕ್ಕೆ ಆ ನೆವವೂ ಇಲ್ಲ.

ಆಮೇಲೆ ಏನಾಯಿತೆಂದು ವಾರ್ಡಿನ ಆಯಾ ಹೇಳಿ ಗೊತ್ತಾಯಿತು. ನಾನು ಹೋದ ಮೇಲೆ ಸಿಸ್ಟರ್ ಆ ಪುಟವನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತರಂತೆ. ನಿಧಾನವಾಗಿ ಅಕ್ಷರ ಕೂಡಿಸಿಕೊಂಡು ಎಲ್ಲ ಓದಿದರಂತೆ. ಉಪದೇಶ ಏನೂ ಮಾಡಲಿಲ್ಲ. ತಮ್ಮನ ವಿಷಯದ ಮೇಲೆ ಬೆರಳಿಟ್ಟು, "ಇವರು ಈಗ ಎಲ್ಲಿದ್ದಾರೆ?" ಎಂದು ಕೇಳಿದರಂತೆ. ಸಂಜೆಯೇ ಎಸ್ಟೇಟಿನ ಆಫೀಸಿಗೆ ಫೋನ್ ಮಾಡಿಸಿ ತಮ್ಮನಿಗೆ ಸುದ್ದಿ ಮುಟ್ಟಿಸಿದರಂತೆ.

ನನಗೆ ಆ ಶುಕ್ರವಾರ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಜುಬ್ಬ ಹಾಕಿಕೊಳ್ಳದೆ ಅಂಗಡಿಯ ಶರ್ಟಿನಲ್ಲೇ ಹೋದೆ. ಮಂಚದ ಹತ್ತಿರ ರೈಟರ ತಮ್ಮ ಆಗಲೇ ಬಂದು ಕೂತಿದ್ದ. ಜೀಪು ಹತ್ತಿ, ಬಸ್ಸು ಹಿಡಿದು, ತಿಂಡಿಯನ್ನೂ ತಿನ್ನದೆ ಬಂದಿದ್ದನಂತೆ. ಅಣ್ಣನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹನ್ನೊಂದು ವರ್ಷದ ಜಗಳದ ಮಾತೆತ್ತದೆ ತೋಟದ ಮಾತಾಡುತ್ತಿದ್ದ.

"ಒಂದು ಇಂಚು ಇಪ್ಪತ್ತು ಸೆಂಟ್ ಬಿತ್ತು ಕಣಣ್ಣ. ಮೇಲಿನ ಬ್ಲಾಕಲ್ಲಿ ಎಲೆ ಕಾಣಲ್ಲ, ಅಷ್ಟು ಹೂ. ದಾರಿದು ಬಿಡು, ಅದೆಲ್ಲ ಎಂತಕ್ಕೆ ಈಗ."

ರೈಟರ ಕಣ್ಣಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಕಾಫಿ ಕುಡಿಯಲೆಂದು ತಮ್ಮ ಹೊರಗೆ ಹೋಗುವವರೆಗೆ ಕಾದು, ನಾನು ಸ್ಟೂಲು ಎಳೆದುಕೊಂಡು ಕೂತೆ. ಸಿಸ್ಟರ್ ಇರಲಿಲ್ಲ. ಅವರ ಹೆಂಡತಿ ಇದ್ದರು.

"ರೈಟರೇ, ನಾನವತ್ತು ಹೇಳಿದ್ದು ಸುಳ್ಳು. ಇದು ಯಾಕೆ ಬಂತು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದೇ ಹೇಳಿದೆ. ನೀವು ಬರೆದಿದ್ದರಲ್ಲಿ ಯಾವುದೂ ಅಲ್ಲ" ಎಂದೆ.

ಅವರು ನೋಟ್ ಬುಕ್ಕು ಎಳೆದುಕೊಳ್ಳುತ್ತಾ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಸುಸ್ತಿತ್ತು. ಆಮೇಲೆ ಬರೆದರು: 'ಗೊತ್ತಿಲ್ಲ ಅಂತ ಅವತ್ತೇ ಹೇಳ್ಬಹುದಿತ್ತಲ್ಲ ಮಾರಾಯ್ರೇ.'

ಅವತ್ತು ಮಧ್ಯಾಹ್ನ ಅವರು ಇಂಜೆಕ್ಷನ್ ತೆಗೆದುಕೊಂಡರು. ನನ್ನ ಮಾತಿನಿಂದ ಎಂದು ಅಂದುಕೊಳ್ಳುವ ಆಸೆ ನನಗೆ ಈಗಲೂ ಇದೆ. ತಮ್ಮ ಬಂದಿದ್ದರಿಂದಲೇ ಎಂದು ಒಳಗೆ ಗೊತ್ತು.

ಮಳೆಗಾಲ ಹಿಡಿಯುವ ಮೊದಲು ಅವರು ತೀರಿಕೊಂಡರು. ತಿಥಿಯ ದಿನ ಕಳಸಕ್ಕೆ ಹೋಗಿದ್ದೆ. ಕ್ವಾರ್ಟರ್ಸಿನ ಮುಂದೆ ಚಪ್ಪರ ಹಾಕಿದ್ದರು. ರೈಟರ ಹೆಂಡತಿ ತಾವೇ ಬಂದು, "ಅಷ್ಟು ದೂರದಿಂದ ಬಂದ್ರಲ್ಲ, ಊಟ ಮಾಡ್ಕಂಡು ಹೋಗಿ" ಎಂದರು. ಅವರು ಎರಡು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಎಲೆಯ ಮುಂದೆ ನಿಂತು ಇನ್ನೊಂದು ಸೌಟು ಸಾರು ಬಡಿಸಿದರು. ನಾನು ತಲೆ ತಗ್ಗಿಸಿ ಉಂಡೆ.

ಆಸ್ಪತ್ರೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಯಾಕೆ ಎಂದು ಸಿಸ್ಟರ್ ಕೇಳುತ್ತಿದ್ದರು, ಆ ಹೆದರಿಕೆಯೂ ಇತ್ತು. ಹೋಗಿ ಸುಮ್ಮನೆ ಕೂರುತ್ತಿದ್ದೆ. ಹಾಡಿ ಎಂದರೆ ಹಾಡುತ್ತಿದ್ದೆ. ಯಾಕೆ ಬಂತು ಎಂದು ಕೇಳಿದವರಿಗೆ ಗೊತ್ತಿಲ್ಲ ಎನ್ನುತ್ತಿದ್ದೆ. ಕೆಲವರಿಗೆ ಬೇಜಾರಾಗುತ್ತಿತ್ತು, ಕೆಲವರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು.

ಕೆಲವು ವರ್ಷಗಳ ನಂತರ, ಎರಡು ಸಾವಿರದ ಇಸವಿ ಕಳೆದ ಮೇಲೆ, ಸಿಸ್ಟರಿಗೆ ಕೇರಳಕ್ಕೆ ವರ್ಗವಾಯಿತು. ಆಸ್ಪತ್ರೆಯ ಊಟದ ಹಾಲಿನಲ್ಲಿ ಚಿಕ್ಕದೊಂದು ಬೀಳ್ಕೊಡುಗೆ ಮಾಡಿದರು. ನನ್ನನ್ನೂ ಕರೆದಿದ್ದರು. ಮಾತಾಡುತ್ತಾ ಮಾತಾಡುತ್ತಾ ಸಿಸ್ಟರ್ ನನ್ನ ಕಡೆ ಕೈ ತೋರಿಸಿದರು.

"ಒಬ್ಬರು ರೈಟರ್ ಇದ್ರು. ನೋವಿನ ಇಂಜೆಕ್ಷನ್ ಬೇಡವೇ ಬೇಡ ಅಂತ ಹಟ ಹಿಡಿದಿದ್ರು. ಡಾಕ್ಟ್ರಿಗೂ ನಮಗೂ ಆಗದೇ ಇದ್ದದ್ದು ಇವರಿಂದ ಆಯ್ತು. ಇವರು ಬಂದು ಮಾತಾಡಿದ ದಿನವೇ ತಗೊಂಡ್ರು. ಇವರೇ ಅವರ ಮನಸ್ಸು ತಿರುಗಿಸಿದ್ದು ಅಂತ ಅವರ ಹೆಂಡತಿನೇ ನನಗೆ ಹೇಳಿದ್ರು."

ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರು ಎದ್ದು ಬಂದು ನನಗೊಂದು ಶಾಲು ಹೊದಿಸಿದರು. ಎದ್ದು ನಿಂತು, ಹಾಗಲ್ಲ ಸಿಸ್ಟರ್, ಅವರು ಇಂಜೆಕ್ಷನ್ ಬಿಟ್ಟಿದ್ದೇ ನನ್ನಿಂದ ಎನ್ನಲು ನನಗೆ ಸಮಯವಿತ್ತು. ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ. ಅದನ್ನು ಅವರು ವಿನಯ ಎಂದುಕೊಂಡರು.

ಮಾರನೆಯ ದಿನ ಸಿಸ್ಟರ್ ಹೊರಟುಹೋದರು. ವಿಳಾಸ ಕೇಳಿ ಒಂದು ಕಾಗದವಾದರೂ ಬರೆಯೋಣವೆಂದು ಎಷ್ಟೋ ಸಲ ಅಂದುಕೊಂಡೆ. ಕೇಳಲಿಲ್ಲ.