ಹಬ್ಬವಿಲ್ಲದ ವರ್ಷದ ಎಣ್ಣೆಸ್ನಾನ

ಅತ್ತೆ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ದೀಪಾವಳಿ ಇರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ, ಎಣ್ಣೆಯ ಬಾಣಲೆ ಇಡುವುದಿಲ್ಲ. ಅಕ್ಕಪಕ್ಕದವರೇ ಏನಾದರೂ ಮಾಡಿ ತಂದುಕೊಡುತ್ತಾರೆ. ಜಾವಳಿ ಹತ್ತಿರದ ನಮ್ಮ ಸಣ್ಣ ತೋಟದಲ್ಲಿ ಕಾಫಿ ಹಣ್ಣು ಆಗಷ್ಟೇ ಕೆಂಪಾಗುತ್ತಿತ್ತು, ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಒಟ್ಟಿನಲ್ಲಿ ನನಗೆ ಕೆಲಸವೇ ಇರಲಿಲ್ಲ. ಅತ್ತೆ ಕೊನೆಯ ಕೆಲವು ವರ್ಷ ಹಾಸಿಗೆ ಹಿಡಿದಿದ್ದರು. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು, ಇದರಲ್ಲೇ ದಿನ ಮುಗಿಯುತ್ತಿತ್ತು. ಅವರು ಹೋದ ಮೇಲೂ ಬೆಳಿಗ್ಗೆ ಎದ್ದವಳೇ ಅವರ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಖಾಲಿ ಮಂಚ ನೋಡಿ ವಾಪಸು ಬರುತ್ತಿದ್ದೆ.

ಹಬ್ಬ ಹತ್ತಿರ ಬಂದಾಗ ರಸ್ತೆಯಾಚೆ ಮನೆಯ ಸೊಸೆ ಒಂದು ಡಬ್ಬಿ ಚಕ್ಕುಲಿ ತಂದಳು. ಅವಳ ಗಂಡ ಪ್ರವಾಸಿಗರಿಗೆ ಜೀಪು ಓಡಿಸುತ್ತಾನೆ. ಊರಿಗೆಲ್ಲ ರಜೆ ಇದ್ದಾಗಲೇ ಅವನಿಗೆ ಬಿಡುವಿಲ್ಲದ ಕೆಲಸ. ಅವಳ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತ್ತು. ಗಟ್ಟಿಯಾಗಿದ್ದಾಗ ನಮ್ಮ ತೋಟದಲ್ಲೇ ಹಣ್ಣು ಕೊಯ್ಯುತ್ತಿದ್ದ ಅಜ್ಜಿ ಅವರು.

"ಹಬ್ಬಕ್ಕೆ ತೌರಿಗೆ ಹೋಗಲ್ವೇನೆ?" ಎಂದೆ.

"ಎಲ್ಲಿ ಹೋಗದು ಅಕ್ಕ. ಅಣ್ಣ ಫೋನ್ ಮಾಡ್ತಾನೇ ಇದಾನೆ. ಅತ್ತೆನ ಬಿಟ್ಟು ಹೆಂಗೆ ಹೋಗ್ಲಿ?"

ಅವಳ ತವರು ಹೊರನಾಡಿನ ಹತ್ತಿರ. ಅರ್ಧ ದಿನದ ದಾರಿಯೂ ಅಲ್ಲ. ಆದರೂ ಹಬ್ಬಕ್ಕೆ ಅಲ್ಲಿಗೆ ಹೋಗಿ ಅವಳಿಗೆ ವರ್ಷಗಳೇ ಆಗಿದ್ದವು. ನನ್ನ ಬಾಯಿಂದ ಯೋಚಿಸದೆಯೇ ಮಾತು ಬಂತು.

"ನೀ ಹೋಗ್ ಬಾ. ನಮಗೆ ಹೆಂಗೂ ಹಬ್ಬ ಇಲ್ಲ. ಅಜ್ಜಿನ ನಾ ಬಂದು ನೋಡ್ಕೋತೀನಿ."

ಅವಳು ಗಾಬರಿಯಾದಳು. "ನೀವಾ? ಬೇಡಕ್ಕ. ಬಚ್ಚಲಿಗೆಲ್ಲ ಎತ್ಕೊಂಡು ಹೋಗ್ಬೇಕು. ನಿಮ್ಮ ಕೈಲಿ ಅದೆಲ್ಲ ಮಾಡ್ಸಿದ್ರೆ ನೋಡಿದವ್ರು ಏನಂತಾರೆ?"

"ನಮ್ಮತ್ತೆಗೆ ಮಾಡ್ಲಿಲ್ವಾ?"

"ಅದು ಬೇರೆ ಅಕ್ಕ."

"ಮೈ ಎಲ್ಲಾರ್ದೂ ಒಂದೇ ಕಣೆ. ಸುಮ್ನೆ ಬಟ್ಟೆ ತುಂಬ್ಕೊ."

ಹಂಡೆಗೆ ನೀರು ತುಂಬುವ ದಿನ ಮಧ್ಯಾಹ್ನ ಅವಳು ಕಳಸದ ಬಸ್ಸು ಹತ್ತಿದಳು. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಕತ್ತು ಹೊರಹಾಕಿ, "ಮಾತ್ರೆ ಊಟ ಆದ್ಮೇಲೆ ಅಕ್ಕ!" ಎಂದು ಕೂಗುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಅವಳ ಗಂಡ ಜೀಪು ತೆಗೆದುಕೊಂಡು ಹೊರಟ ಮೇಲೆ ನಾನು ಆ ಮನೆಗೆ ಹೋದೆ. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. ಕಾಫಿ ಕೊಟ್ಟರೆ ಬೇಡ, ತಿಂಡಿ ಕೊಟ್ಟರೆ ಬೇಡ.

"ಸಣ್ಣಮ್ಮ, ನೀವು ಮನೆಗೆ ಹೋಗಿ. ಸೊಸೆ ಬರೋವರ್ಗೂ ನಾ ಹಿಂಗೇ ಇರ್ತೀನಿ," ಎಂದರು. ನಮ್ಮ ಅತ್ತೆಯನ್ನು ದೊಡ್ಡಮ್ಮ, ನನ್ನನ್ನು ಸಣ್ಣಮ್ಮ ಎಂದು ಕರೆಯುವುದು ತೋಟದ ಆಳುಗಳ ಹಳೆಯ ರೂಢಿ.

ನಾನು ವಾದ ಮಾಡಲಿಲ್ಲ. ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದೆ. ಅವರ ತಲೆಯ ಹತ್ತಿರ ಕುಳಿತು, ಏನೂ ಕೇಳದೆ ನೆತ್ತಿಗೆ ಎಣ್ಣೆ ಒತ್ತಲು ಶುರುಮಾಡಿದೆ. ಹತ್ತಿಯಂತೆ ತೆಳ್ಳಗಿನ ಕೂದಲು. ಮೊದಲು ಕತ್ತು ಬಿಗಿಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ತಲೆಯ ಭಾರವೆಲ್ಲ ನನ್ನ ಅಂಗೈಗೆ ಬಂತು. ಕಿವಿಯ ಹಿಂದೆ ಉಜ್ಜಿದಾಗ ಮೆಲ್ಲಗೆ ನಕ್ಕರು.

"ನೀವು ಹಚ್ಕೊಂಡ್ರಾ?"

"ನಮ್ಮನೇಲಿ ಈ ವರ್ಷ ಹಬ್ಬ ಇಲ್ಲ ಅಜ್ಜಿ."

ಅವರು ಬಲಗೈ ಊರಿ, ಕಷ್ಟಪಟ್ಟು ಮಗ್ಗುಲಾಗಿ ನನ್ನನ್ನೇ ನೋಡಿದರು. "ನಿಮ್ಮನೇಲಿ ಇಲ್ಲ. ನಮ್ಮನೇಲಿ ಇದೆಯಲ್ಲ. ನೀವೀಗ ಇರದು ನಮ್ಮನೇಲಿ. ಬಗ್ಗಿ ಇಲ್ಲಿ."

ಬಗ್ಗಿದೆ. ಬಟ್ಟಲಿಗೆ ಬೆರಳದ್ದಿ ನನ್ನ ನೆತ್ತಿಗೆ ಎಣ್ಣೆ ಒತ್ತಿದರು. ವರ್ಷಗಟ್ಟಲೆ ಗಿಡದಿಂದ ಹಣ್ಣು ಬಿಡಿಸಿದ್ದ ಬೆರಳು, ಇನ್ನೂ ಬಲವಿತ್ತು. ಎಣ್ಣೆ ಹಣೆಗೆ ಇಳಿದು, ಅಲ್ಲಿಂದ ಕಣ್ಣಿಗೆ ಇಳಿಯಿತು. ನಾನು ಅಳುತ್ತಿದ್ದೇನೆಂದು ಅವರಿಗೆ ಗೊತ್ತಾಯಿತೋ ಏನೋ. "ದೊಡ್ಡಮ್ಮೋರು ಪುಣ್ಯ ಮಾಡಿದ್ರು," ಎಂದಷ್ಟೇ ಹೇಳಿ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದರು.

ಆಮೇಲೆ ಅವರು ಯಾವುದಕ್ಕೂ ಬೇಡ ಎನ್ನಲಿಲ್ಲ. ಬಚ್ಚಲಲ್ಲಿ ಬಿಸಿ ನೀರು ಹುಯ್ಯುವಾಗ, "ಇನ್ನೊಂದು ಚೊಂಬು, ಇನ್ನೊಂದು ಚೊಂಬು," ಎಂದು ಹಂಡೆ ಖಾಲಿ ಮಾಡಿಸಿದರು. ಮಧ್ಯಾಹ್ನ ನನ್ನ ಗಂಡ ಸಾರು ಅನ್ನ ಹೊತ್ತು ತಂದರು. ಅಜ್ಜಿ ನನ್ನ ಗಂಡನ ಚಿಕ್ಕಂದಿನ ತುಂಟತನವನ್ನೆಲ್ಲ ನನಗೆ ಹೇಳಿದರು. ಕಣಜದ ಗೂಡಿಗೆ ಕಲ್ಲು ಹೊಡೆದು, ಮುಖ ಊದಿಸಿಕೊಂಡು ಕಾಫಿ ಗಿಡದಡಿ ಅವಿತಿದ್ದರಂತೆ. ನಾನು ಬಿದ್ದು ಬಿದ್ದು ನಕ್ಕೆ. ಗಂಡ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದರು. "ನೀ ನಗದು ನೋಡಿ ಎಷ್ಟು ಕಾಲ ಆಯ್ತು ಮಾರಾಯ್ತಿ," ಎಂದರು.

ಪಾಡ್ಯದ ಸಂಜೆ ಸೊಸೆ ಬಂದಳು. ಕೈತುಂಬ ಹೊಸ ಬಳೆ, ಚೀಲದಲ್ಲಿ ಅತ್ತಿಗೆ ಕಟ್ಟಿಕೊಟ್ಟ ಸೌತೆಕಾಯಿ ಕಡುಬು. ತವರಲ್ಲಿ ಏನು ಮಾಡಿದೆ ಎಂದು ಕೇಳಿದರೆ ನಾಚಿಕೊಂಡಳು.

"ನಿದ್ದೆ ಮಾಡ್ದೆ ಅಕ್ಕ. ಬಿಸಿಲು ಮುಖಕ್ಕೆ ಬರೋವರ್ಗೂ ಯಾರೂ ಎಬ್ಬಿಸ್ಲಿಲ್ಲ."

ಆ ಸುಖ ಎಂಥದ್ದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅತ್ತೆ ಮಲಗಿದ್ದ ವರ್ಷಗಳಲ್ಲಿ ನಾನು ದೇವರ ಹತ್ತಿರ ಕೇಳಿಕೊಳ್ಳುತ್ತಿದ್ದದ್ದೂ ಅಂಥದೇ ಒಂದು ಬೆಳಗನ್ನು. ಅದನ್ನು ಬೇರೆ ಯಾರಿಗಾದರೂ ಕೊಡಬಹುದು ಎಂದು ಆಗ ಹೊಳೆದಿರಲಿಲ್ಲ. ಕೊಟ್ಟ ಮೇಲೆ, ನನಗೇ ಸಿಕ್ಕಷ್ಟು ಹಗುರವಾಯಿತು ಮನಸ್ಸು.

ಈಗ ನಮ್ಮ ಮನೆಯಲ್ಲೂ ಹಬ್ಬ ಮತ್ತೆ ಶುರುವಾಗಿದೆ. ಆದರೂ ದೀಪಾವಳಿಯ ಒಂದು ಹಗಲು ಅಜ್ಜಿಯ ಮನೆಗೇ ಮೀಸಲು. ವಿಷಯ ಹೇಗೋ ಹರಡಿ, ಬಣಕಲ್‌ನಲ್ಲಿ ನಡೆಯಲಾರದ ಮಗನನ್ನು ಸಾಕುತ್ತಿರುವ ಒಬ್ಬ ತಾಯಿ, ತಮ್ಮ ಮನೆಗೂ ಬರಬಹುದೇ ಎಂದು ಯಾರ ಕೈಲೋ ಸಂಕೋಚದಿಂದ ಕೇಳಿಸಿದರು. ಕಳೆದ ಗೌರಿ ಹಬ್ಬಕ್ಕೆ ಅವರನ್ನೂ ತವರಿಗೆ ಕಳಿಸಿ ಆ ಹುಡುಗನ ಜೊತೆ ಕೇರಂ ಆಡುತ್ತ ಕುಳಿತಿದ್ದೆ. ಎಲ್ಲ ಆಟವನ್ನೂ ಅವನೇ ಗೆದ್ದ.

"ಹಬ್ಬ ಬಂದ್ರೆ ನೀ ಮನೇಲೇ ಇರಲ್ವಲ್ಲ," ಎಂದು ಗಂಡ ಗೊಣಗುತ್ತಾರೆ. ಗೊಣಗುತ್ತಲೇ ನನಗೆ ಬುತ್ತಿ ಕಟ್ಟಿಕೊಡುತ್ತಾರೆ.