ಕರೆದರೂ ತಿರುಗದ ಪುಟ್ಟಿಯನ್ನು ಭೈರವ ತೋರಿಸಿಕೊಟ್ಟ ಬಗೆ

ಭೈರವನನ್ನು ನಂಬಿ ಬದುಕುತ್ತಿರುವ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ದೊಡ್ಡಬಳ್ಳಾಪುರದ ಜಯಮ್ಮನ ಶರಣು. ಕಳೆದ ಕಾರ್ತಿಕದಲ್ಲಿ ನನಗೆ ಒದಗಿದ ಕಷ್ಟವನ್ನೂ ಸ್ವಾಮಿ ಅದನ್ನು ಕಳೆದ ರೀತಿಯನ್ನೂ ನಿಮಗೆ ಹೇಳದಿದ್ದರೆ ಉಂಡ ಅನ್ನ ನನ್ನ ಮೈಗೆ ಹತ್ತುವುದಿಲ್ಲ. ಒಂದು ನಾಯಿಗೋಸ್ಕರ ಇಷ್ಟೆಲ್ಲ ಯಾಕೆ ಎಂದು ಕೆಲವರು ನಗಬಹುದು. ನಗಲಿ. ನಾಯಿ ಯಾರ ವಾಹನ ಎಂದು ಅವರೇ ಯೋಚಿಸಲಿ.

ಅದೊಂದು ಬುಧವಾರ ಬೆಳಿಗ್ಗೆ ಮಗ್ಗದ ಶೆಡ್ಡಿನಲ್ಲಿದ್ದಾಗ ಫೋನ್ ಅದುರಿತು. ಹೊರಗೆ ಬಂದು ಕಿವಿಗಿಟ್ಟುಕೊಂಡರೆ ದೇವನಹಳ್ಳಿಯ ಸರಿತಾ ಅಳುತ್ತಿದ್ದಳು. "ಜಯಕ್ಕ, ಪುಟ್ಟಿ ನಿನ್ನೆ ಸಾಯಂಕಾಲದಿಂದ ಕಾಣ್ತಿಲ್ಲ. ಎಲ್ಲಾ ಕಡೆ ಹುಡುಕ್ಬಿಟ್ವಿ." ಪುಟ್ಟಿಯನ್ನು ನಾನೇ ಅವಳ ಮಡಿಲಿಗೆ ಹಾಕಿ ಕಳಿಸಿ ವಾರವೂ ಆಗಿರಲಿಲ್ಲ.

ಪುಟ್ಟಿ ನಮ್ಮ ಮನೆಗೆ ಬಂದದ್ದು ಗೌರಿ ಹಬ್ಬದ ಆಸುಪಾಸಿನಲ್ಲಿ. ದಾಬಸ್‌ಪೇಟೆಯ ಹೆದ್ದಾರಿಯಲ್ಲಿ ಯಾವುದೋ ಗಾಡಿ ಗುದ್ದಿ, ಹಿಂಗಾಲು ಮುರಿದುಕೊಂಡು ಬಿದ್ದಿದ್ದ ಬೀದಿನಾಯಿ. ಇಂಥ ಪ್ರಾಣಿಗಳನ್ನು ಎತ್ತಿ ತಂದು ಆರೈಕೆ ಮಾಡಿಸುವ ಶೋಭಾ ಎಂಬ ಹೆಣ್ಣುಮಗಳು ಅದಕ್ಕೆ ಆಪರೇಷನ್ ಮಾಡಿಸಿ, ಇಡಲು ಜಾಗವಿಲ್ಲದೆ ನಮ್ಮ ಬಾಗಿಲಿಗೆ ತಂದಳು. "ಕಾಲು ಕೂಡ್ಕೊಳ್ಳೋ ತನಕ ಇಟ್ಕೊಳ್ಳಿ ಜಯಕ್ಕ. ಆಮೇಲೆ ಒಳ್ಳೆ ಮನೆ ನೋಡಿ ಕೊಡೋಣ" ಎಂದಳು. ನಾನು ಮುಂಗೋಪಿ, ಅದು ನಮ್ಮ ಬೀದಿಗೇ ಗೊತ್ತು. "ನಮ್ಮನೇಲಿ ನಮಗೇ ಕಾಲ್ ಚಾಚಕ್ಕೆ ಜಾಗ ಇಲ್ಲ, ಇದರ ಕಾಲ್ ಎಲ್ಲಿಡ್ಲಿ?" ಎಂದು ರೇಗಿದೆ. ರೇಗುತ್ತಲೇ ಹಳೆಯ ಸೀರೆ ಮಡಿಸಿ ಹಾಸಿದೆ.

ನಮ್ಮದು ಮನೆಗೆ ಅಂಟಿಕೊಂಡ ಶೆಡ್ಡು. ವಿದ್ಯುತ್ ಮಗ್ಗಗಳು ಓಡತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಗಾಗಿ ನಾವೆಲ್ಲ ಕೈಯಲ್ಲೇ ಮಾತನಾಡುತ್ತೇವೆ. ಕೈ ಮೇಲೆತ್ತಿ ಮಣಿಕಟ್ಟು ತಿರುಗಿಸಿದರೆ ‘ಇಲ್ಲಿ ಬಾ’, ಅಂಗೈ ಒಡ್ಡಿದರೆ ‘ನಿಲ್ಲು’, ಬೆರಳು ಕೂಡಿಸಿ ಬಾಯಿಯತ್ತ ತೋರಿಸಿದರೆ ‘ಊಟ’. ಮಗ್ಗ ನಿಂತ ಮೇಲೂ ಅಭ್ಯಾಸ ಬಿಡುವುದಿಲ್ಲ. ನಾನೂ ನನ್ನ ಗಂಡ ರಂಗಪ್ಪನೂ ಎಷ್ಟೋ ಸಲ ಜಗಳವನ್ನೂ ಕೈಯಲ್ಲೇ ಆಡಿದ್ದೇವೆ. ಪುಟ್ಟಿ ಇದನ್ನೆಲ್ಲ ಬೇಗ ಕಲಿತಳು. ನನ್ನ ಕೈ ಮೇಲೆದ್ದರೆ ಸಾಕು, ಕುಂಟುತ್ತಲೇ ಬಾಲ ಅಲ್ಲಾಡಿಸಿಕೊಂಡು ಬರುತ್ತಿದ್ದಳು. ದೀಪಾವಳಿಯ ಪಟಾಕಿಗೆ ಬೀದಿಯ ನಾಯಿಗಳೆಲ್ಲ ಮೋರಿ ಸೇರಿದರೂ ಇವಳು ಹೊಸಿಲ ಮೇಲೆ ಮಲಗಿ ಗೊರಕೆ ಹೊಡೆದಳು. "ಗಂಡೆದೆ ಕಣೇ ಇವಳ್ದು!" ಎಂದು ರಂಗಪ್ಪ ಊರಿಗೆಲ್ಲ ಹೇಳಿಕೊಂಡು ಬಂದ.

ಹಾಗಿದ್ದರೆ ನೀವೇ ಇಟ್ಟುಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ರಂಗಪ್ಪನಿಗೆ ಉಬ್ಬಸ. ಮೊದಲೇ ನೂಲಿನ ದೂಳು, ಅದರ ಮೇಲೆ ನಾಯಿಯ ಕೂದಲು. ದೀಪಾವಳಿ ಮುಗಿಯುವ ಹೊತ್ತಿಗೆ ಅವನನ್ನು ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಾಕಿಸಬೇಕಾಯಿತು. ಮನೆಯಲ್ಲಿ ನಾಯಿ ಇರಲೇಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಆಗ ಶೋಭಾ ಹುಡುಕಿಕೊಟ್ಟದ್ದು ಸರಿತಾಳ ಮನೆ. ಅವಳ ಗಂಡ ಮಂಜುನಾಥ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುತ್ತಾನೆ. ಮಕ್ಕಳಿಲ್ಲ, ಮನೆಗೆ ಕಾಂಪೌಂಡ್ ಇದೆ, ಇಬ್ಬರೂ ಮೆತ್ತನೆಯ ಜನ. ಕರೆದೊಯ್ಯಲು ಬಂದಾಗ ಅವರ ಮುಂದೆ ಗಟ್ಟಿಯಾಗಿದ್ದೆ, ಕಾರು ತಿರುವು ದಾಟಿದ ಮೇಲೆ ದೇವರ ಮುಂದೆ ಕೂತು ಅತ್ತೆ. ನಮ್ಮ ಮನೆದೇವರು ಭೈರವ. "ಸ್ವಾಮಿ, ಅವಳು ಓಡೋಗಿ ಸೇರ್ಕೊಳ್ಳೋಕೆ ಒಂದು ಮಡಿಲು ಕೊಡು, ನಂಗಿನ್ನೇನೂ ಬೇಡ" ಎಂದು ಕೇಳಿಕೊಂಡೆ.

ಹಾಗೆ ಕಳಿಸಿದವಳು ಈಗ ಬೀದಿಪಾಲಾದಳಲ್ಲ ಎಂಬ ಸಂಕಟದಲ್ಲೇ ದೇವನಹಳ್ಳಿಯ ಬಸ್ಸು ಹತ್ತಿದೆ. ಸೀಟು ಇತ್ತು, ಕೂರಲಾಗಲಿಲ್ಲ. ದಾರಿಯುದ್ದಕ್ಕೂ ಕಿಟಕಿಯಾಚೆ ಕಂಡ ಕಂಡ ನಾಯಿಗಳನ್ನೆಲ್ಲ ಬಗ್ಗಿ ನೋಡುತ್ತಿದ್ದೆ. ಕಂಡಕ್ಟರ್ ರೇಗಿದ: "ಏನಮ್ಮಾ, ಇಳಿಯೋದಾ ಇಲ್ವಾ, ಒಂದು ಕಡೆ ನಿಂತ್ಕೊಳ್ಳಿ."

ಬಸ್ ನಿಲ್ದಾಣಕ್ಕೆ ಇಬ್ಬರೂ ಬಂದಿದ್ದರು. ಮಂಜುನಾಥನ ಮುಖ ಬಾಡಿತ್ತು. "ಗೇಟ್ ತೆಗೆದಾಗ ಆಚೆ ಹೋಯ್ತಕ್ಕ. ಪುಟ್ಟಿ ಪುಟ್ಟಿ ಅಂತ ಎಷ್ಟ್ ಕೂಗಿದ್ರೂ ತಿರುಗ್ಲಿಲ್ಲ. ಹಿಂದಿನಿಂದ ಹೋಗಿ ಬೆನ್ನು ಮುಟ್ದೆ, ದೆವ್ವ ಕಂಡಂಗೆ ಬೆಚ್ಚಿಬಿದ್ದು ಓಡೋಗ್ಬಿಡ್ತು" ಎಂದ. ಸರಿತಾ ಕಣ್ಣೊರೆಸಿಕೊಂಡು, "ಬಂದಾಗಿಂದ ಹಂಗೇ ಅಕ್ಕ. ಕರೆದ್ರೆ ನೋಡೋದೇ ಇಲ್ಲ. ನಮ್ ಮೇಲೆ ಅದಕ್ಕೆ ಇಷ್ಟಾನೇ ಇಲ್ಲ" ಎಂದಳು.

ನಮ್ಮ ಮನೆಯಲ್ಲಿ ಚಿನ್ನದಂತಿದ್ದವಳು ಇಲ್ಲಿ ಯಾಕೆ ಹೀಗಾದಳು ಎಂದು ನನಗೆ ಅರ್ಥವಾಗಲಿಲ್ಲ. ಇವರೇ ಏನಾದರೂ ಬೈದರೋ ಹೊಡೆದರೋ ಎಂಬ ಅನುಮಾನವೂ ಬಂತು. ಕೋಳಿ ಅಂಗಡಿ, ಕೆರೆ ಏರಿ, ಅರ್ಧ ಕಟ್ಟಿದ ಲೇಔಟುಗಳು, ಎಲ್ಲ ಕಡೆ ಕೂಗಿಕೊಂಡು ಅಲೆದೆವು. ಮಧ್ಯಾಹ್ನ ಬೇಕರಿಯವನೊಬ್ಬ, ದೊಡ್ಡ ರಸ್ತೆಯಲ್ಲಿ ನಾಯಿಯೊಂದು ಸತ್ತು ಬಿದ್ದಿದೆ ಎಂದ. ಸರಿತಾ ಕಾರಿನಿಂದ ಇಳಿಯಲೇ ಇಲ್ಲ. ನಾನು ಹೋಗಿ ನೋಡಿದೆ. ಕಪ್ಪು ನಾಯಿ, ನಮ್ಮದಲ್ಲ. ಸಮಾಧಾನವಾಯಿತು, ಸಮಾಧಾನಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

ಹೊತ್ತು ಇಳಿಯುವ ವೇಳೆಗೆ ನನ್ನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಾಯಿ ತೆರೆದರೆ ಗಾಳಿ ಬಿಟ್ಟರೆ ಮತ್ತೇನೂ ಇಲ್ಲ. ಒಂದು ದ್ರಾಕ್ಷಿ ತೋಟದ ಬದುವಿನ ಮೇಲೆ ಕುಸಿದು ಕೂತೆ. ದೇವರನ್ನು ಬೈದೇ ಬೇಡಿಕೊಳ್ಳುವ ಚಾಳಿ ನನ್ನದು, ಅವತ್ತು ಅದಕ್ಕೂ ದನಿಯಿರಲಿಲ್ಲ. ಮನಸ್ಸಿನಲ್ಲೇ ಅಂದುಕೊಂಡೆ: ‘ಭೈರವಪ್ಪಾ, ನಿನ್ನ ವಾಹನ ಕಾಣದೇ ಹೋಗಿದ್ದರೆ ನೀನು ಸುಮ್ಮನೆ ಕೂತಿರುತ್ತಿದ್ದೆಯಾ? ನನ್ನ ಕೈಲಿ ಇನ್ನು ಕೂಗೋಕಾಗಲ್ಲ. ನೀನೇ ತೋರಿಸು.’

ಕಣ್ಣು ತೆರೆಯುವಷ್ಟರಲ್ಲಿ ಸರಿತಾ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. "ಅಕ್ಕ, ಅಲ್ನೋಡಿ!" ಮುಂದಿನ ಬೀಳು ಹೊಲದಲ್ಲಿ ಮೂರ್ನಾಲ್ಕು ನಾಯಿಗಳು. ಅವುಗಳಿಂದ ದೂರದಲ್ಲಿ, ನಮಗೆ ಬೆನ್ನು ಮಾಡಿ ಕೂತವಳು ನಮ್ಮ ಪುಟ್ಟಿ. ಗಂಡ ಹೆಂಡತಿ ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಿದರು. ಬೇರೆ ನಾಯಿಗಳೆಲ್ಲ ತಿರುಗಿ ನೋಡಿದವು, ಪುಟ್ಟಿ ನೋಡಲಿಲ್ಲ.

ಅಷ್ಟರಲ್ಲಿ ವಿಮಾನವೊಂದು ಬಂತು. ಆ ಕಡೆ ಅವು ತಲೆಗೆ ತಾಗುವಷ್ಟು ಕೆಳಗೇ ಹಾರುತ್ತವೆ. ಎದೆಗೂಡು ನಡುಗುವಂಥ ಸದ್ದು. ಬೆಳ್ಳಕ್ಕಿಗಳು ಎದ್ದು ಹಾರಿದವು, ನಾಯಿಗಳು ದಿಕ್ಕಾಪಾಲಾದವು, ನಾನೂ ಕಿವಿ ಮುಚ್ಚಿಕೊಂಡೆ. ಪುಟ್ಟಿ ಮಾತ್ರ ಕೂತಲ್ಲೇ ಕೂತು ಹಾಯಾಗಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದಳು.

ನನ್ನ ಮೈಯೆಲ್ಲ ಜುಮ್ಮೆಂದಿತು. ಅಯ್ಯೋ ಶಿವನೇ, ಇವಳಿಗೆ ಕಿವಿಯೇ ಕೇಳುವುದಿಲ್ಲ! ಇಷ್ಟು ತಿಂಗಳು ನಮ್ಮ ಮನೆಯಲ್ಲಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ. ಹೇಗೆ ಗೊತ್ತಾಗಬೇಕು? ಮಗ್ಗದ ಮನೆಯಲ್ಲಿ ನಾವೂ ಕಿವುಡರ ಹಾಗೆಯೇ ಅಲ್ಲವೇ?

ಕೂಗಬೇಡಿ ಎಂದು ಇಬ್ಬರಿಗೂ ಸನ್ನೆ ಮಾಡಿ, ಬದು ಬಳಸಿಕೊಂಡು ಅವಳ ಕಣ್ಣಿಗೆ ಬೀಳುವ ಕಡೆ ಹೋಗಿ ನಿಂತೆ. ಕೈ ಮೇಲೆತ್ತಿ ಮಣಿಕಟ್ಟು ತಿರುಗಿಸಿದೆ. ಪುಟ್ಟಿ ಎದ್ದು ನಿಂತಳು. ಒಂದು ಗಳಿಗೆ ನೋಡಿದಳು. ಆಮೇಲೆ ಆ ಕುಂಟುಗಾಲಿನಲ್ಲೇ ಓಡಿಬಂದ ರಭಸಕ್ಕೆ ನಾನು ಹಿಂದಕ್ಕೆ ಬಿದ್ದೆ. ಬಿದ್ದಲ್ಲೇ ಅವಳನ್ನು ತಬ್ಬಿಕೊಂಡು, ದನಿಯೇ ಇಲ್ಲದೆ ಗೋಳೋ ಎಂದು ಅತ್ತೆ. ನಾನು ಅನುಮಾನಪಟ್ಟಿದ್ದ ಆ ಗಂಡ ಹೆಂಡತಿಯೂ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತು ಅಳುತ್ತಿದ್ದರು.

ಸರಿತಾಳ ಮನೆಗೆ ಬಂದ ಮೇಲೆ ನನ್ನ ಪಿಸುಮಾತಿನಲ್ಲೇ ವಿಷಯ ತಿಳಿಸಿದೆ. ಮಂಜುನಾಥ ಗೇಟಿನ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿ ಬಂದು, "ಕಿವಿ ಕೇಳ್ದಿರೋ ಜೀವಾನ ನಮ್ ಕೈಲಿ ನೋಡ್ಕೊಳ್ಳೋಕಾಗುತ್ತಾ ಅಕ್ಕ? ಮತ್ತೆ ಆಚೆ ಹೋದ್ರೆ? ನಿಮ್ ಹತ್ರ ಇದ್ರೇ ಒಳ್ಳೇದೇನೋ" ಎಂದ. ನನ್ನ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ರಂಗಪ್ಪನಿಗೆ ಫೋನ್ ಮಾಡಿದರೆ ಅವನೂ, "ಕರ್ಕೊಂಡ್ ಬಾರೇ, ನಾನ್ ಹೆಂಗೋ ಸುಧಾರಿಸ್ಕೋತೀನಿ" ಎಂದ. ಆ ಒಂದು ಮಾತು ಮುಗಿಸಲು ಅವನು ನಡುವೆ ನಿಂತು ಕೆಮ್ಮಿ ಉಸಿರೆಳೆದುಕೊಳ್ಳಬೇಕಾಯಿತು.

ಫೋನ್ ಇಟ್ಟು ಕೂತಿದ್ದೆ. ಸರಿತಾ ಹತ್ತಿರ ಬಂದಳು. "ಆಗ ಹೊಲದಲ್ಲಿ ಕೈ ಎತ್ತಿದ್ರಲ್ಲ, ಅದನ್ನ ನಂಗೂ ಹೇಳ್ಕೊಡಿ ಅಕ್ಕ" ಎಂದಳು.

ಅಂಗಳದಲ್ಲಿ ನಿಂತು ಹೇಳಿಕೊಟ್ಟೆ. ಅವಳ ಕೈ ಮೊದಲು ನೊಣ ಓಡಿಸುವ ಹಾಗೆ ಆಡಿತು, ಆಮೇಲೆ ಹದಕ್ಕೆ ಬಂತು. ಪುಟ್ಟಿಯನ್ನು ನಮ್ಮಿಬ್ಬರಿಗೂ ಸಮದೂರದಲ್ಲಿ ಬಿಟ್ಟೆವು. ಸರಿತಾ ಕೈ ಎತ್ತಿದಳು. ಪುಟ್ಟಿ ಅದನ್ನು ನೋಡಿ, ನನ್ನತ್ತ ತಿರುಗಿದಳು. ನನ್ನ ಕೈಗಾಗಿ ಕಾದಳು. ನನ್ನ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು, ಸುಳ್ಳೇಕೆ ಹೇಳಲಿ. ಎತ್ತಿದ್ದರೆ ಅವಳು ಅವತ್ತೇ ನನ್ನ ಜೊತೆ ಬಸ್ ಹತ್ತುತ್ತಿದ್ದಳು. ಆ ಕೈಯನ್ನು ಎಡಗೈಗೆ ಸೇರಿಸಿ ಎದೆಯ ಮುಂದೆ ಮುಗಿದೆ. ‘ಭೈರವಪ್ಪಾ, ಹಿಡಿದುಕೋ’ ಎಂದೆ. ಮುಗಿದ ಕೈ ಪುಟ್ಟಿಗೆ ಗೊತ್ತಿರುವ ಯಾವ ಮಾತನ್ನೂ ಆಡುವುದಿಲ್ಲ. ನನ್ನನ್ನು ನೋಡಿದಳು, ಸರಿತಾಳನ್ನು ನೋಡಿದಳು. ಆಮೇಲೆ ನಿಧಾನವಾಗಿ ಹೋಗಿ ಸರಿತಾಳ ಕಾಲಿಗೆ ಮೈ ಒರಗಿಸಿದಳು.

ಬಂಧುಗಳೇ, ಗಂಟಲು ಇರುವವರೆಗೂ ನಾನು ಅವಳನ್ನು ಕೂಗಿಯೇ ಹುಡುಕುತ್ತಿದ್ದೆ. ಸ್ವಾಮಿ ನನ್ನ ದನಿ ತೆಗೆದುಕೊಂಡ, ಬದಲಿಗೆ ಅವಳನ್ನು ತೋರಿಸಿದ. ರಂಗಪ್ಪ ಈಗ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ. ಮೊನ್ನೆ ಸರಿತಾ ವಿಡಿಯೊ ಕಳಿಸಿದ್ದಳು. ಮಂಜುನಾಥ ಗೇಟಿನ ಬಳಿ ನಿಂತು ಕೈ ಮೇಲೆತ್ತುತ್ತಾನೆ, ಅಂಗಳದ ಆ ತುದಿಯಿಂದ ಪುಟ್ಟಿ ಓಡಿಬಂದು ಅವನ ಮೇಲೆ ಹಾರುತ್ತಾಳೆ. ಅದನ್ನು ದೇವರ ಪಟದ ಮುಂದೆ ಹಿಡಿದು ತೋರಿಸಿದೆ. ನಾನು ಕೇಳಿಕೊಂಡಿದ್ದು ಇಷ್ಟೇ, ಕೊಟ್ಟುಬಿಟ್ಟಿದ್ದಾನೆ.